ಕೊರಿಯದ ಊಟದ ಮನೆ: ಉಪಚಾರವೂ ಕೊಸರೂ

ಸೊಪ್ಪಿನವಳು ಕಂತೆಯನ್ನು ಕೊಟ್ಟು ಹಣ ಎಣಿಸಿಕೊಂಡ ಮೇಲೆ, ಕೈಗೆ ಸಿಕ್ಕಿದ ನಾಲ್ಕು ಎಸಳು ಕರಿಬೇವನ್ನು ನಮ್ಮ ಚೀಲಕ್ಕೆ ಹಾಕುತ್ತಾಳಷ್ಟೆ. ಅದಕ್ಕೆ ಕನ್ನಡದಲ್ಲಿ ಕೊಸರು ಎಂದು ಹೆಸರು. ಬೆಲೆ ಕಟ್ಟದ ವಸ್ತು ಅದು. ಆದರೂ ಕೊಡದಿದ್ದರೆ ಗಿರಾಕಿಯ ಮುಖ ಸಣ್ಣದಾಗುತ್ತದೆ. ಕೊರಿಯನ್ನರ ಭಾಷೆಯಲ್ಲಿಯೂ ಇದಕ್ಕೆ ಸಮನಾದ ‘ದೊಂ’ ಎಂಬ ಮಾತುಂಟು. ಆದರೆ ದಕ್ಷಿಣ ಕೊರಿಯದ ಊಟದ ಮನೆಗಳಲ್ಲಿ ಈ ಅರ್ಥಕ್ಕೆ ಹೆಚ್ಚಾಗಿ ಕೇಳಿಬರುವುದು ಇಂಗ್ಲಿಷಿನ ‘ಸರ್ವಿಸ್’ ಎಂಬ ಪದ. ಅವರ ನಾಲಗೆಯಲ್ಲಿ ಅದು ‘ಸೊಬಿಸು’. ನಾವು ಕೇಳದೆ ಇದ್ದ ಒಂದು ಭಕ್ಷ್ಯವನ್ನು ಮಾಲಿಕನು ತಂದಿಟ್ಟು ‘ಸೊಬಿಸು’ ಎಂದನೆಂದರೆ, ‘ಇದಕ್ಕೆ ಹಣವಿಲ್ಲ, ತಿನ್ನಿ’ ಎಂದು ಅರ್ಥ. ಸೇವೆ ಎಂಬ ಮಾತು ಹೀಗೆ ಕೊಸರು ಎಂಬ ಅರ್ಥಕ್ಕೆ ತಿರುಗಿದುದು ಕೇವಲ ಭಾಷೆಯ ಸೋಜಿಗವಲ್ಲ. ಆ ನಾಡಿನ ಉಪಚಾರದ ರೀತಿಯನ್ನು ತಿಳಿಯುವುದಕ್ಕೆ ಅದೇ ಕೀಲಿಕೈ.

ಉದ್ಯೋಗಕ್ಕೋ ವ್ಯಾಸಂಗಕ್ಕೋ ಅಲ್ಲಿಗೆ ಹೋಗಿಬಂದ ನಮ್ಮವರು ಅಲ್ಲಿಯ ಊಟದ ಮನೆಗಳ ವಿಷಯದಲ್ಲಿ ಎರಡು ಬಗೆಯ ಮಾತು ಹೇಳುವುದುಂಟು. ‘ಅಂಥ ಧಾರಾಳವನ್ನು ಬೇರೆಲ್ಲಿಯೂ ಕಾಣೆ’ ಎನ್ನುವರು ಕೆಲವರು. ‘ತಟ್ಟೆಗಳನ್ನು ದಡದಡನೆ ಇಟ್ಟು ಹೋದರು, ಏನು ಬೇಕೆಂದು ತಿರುಗಿ ಕೇಳಿದವರಿಲ್ಲ’ ಎನ್ನುವರು ಮತ್ತೆ ಕೆಲವರು. ಎರಡೂ ನಿಜವೇ. ಒಬ್ಬರು ಕೊಸರನ್ನು ನೋಡಿದರು, ಇನ್ನೊಬ್ಬರು ಮಾತಿನ ಉಪಚಾರವನ್ನು ಹುಡುಕಿದರು.

ಮೊದಲು ಧಾರಾಳದ ಸಂಗತಿ. ಕೊರಿಯದ ಊಟಕ್ಕೆ ಅನ್ನ, ಸಾರು, ಕಿಮ್ಚಿ ಇವು ಮೂಲ. ಕಿಮ್ಚಿಯೆಂದರೆ ಉಪ್ಪು ಖಾರ ಹಚ್ಚಿ ಹುಳಿಬರಿಸಿದ ಎಲೆಕೋಸು ಅಥವಾ ಮೂಲಂಗಿ. ಮನೆಮಂದಿ ನೆರೆಹೊರೆಯವರೆಲ್ಲ ಕೂಡಿ ಚಳಿಗಾಲಕ್ಕೆಂದು ಅದನ್ನು ಮಾಡಿಡುವ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ಸುತ್ತ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಬರುವ ವ್ಯಂಜನಗಳಿಗೆ ‘ಬಾನ್‌ಚಾನ್’ ಎಂದು ಹೆಸರು: ಬೇಯಿಸಿ ಎಣ್ಣೆ ಹಾಕಿದ ಸೊಪ್ಪು, ಮೊಳಕೆಕಾಳು, ಸಿಹಿಯಾಗಿ ಬೇಯಿಸಿದ ಕಾಳು, ಒಣಮೀನು, ಇತ್ಯಾದಿ. ನಮ್ಮ ಬಾಳೆಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಅನ್ನಕ್ಕೆ ಮೊದಲೇ ಬಂದು ಕೂರುವಂತೆ ಇವೂ ಮೊದಲೇ ಮೇಜಿಗೆ ಬರುತ್ತವೆ. ಸಾಮಾನ್ಯ ಊಟದ ಮನೆಗಳಲ್ಲಿ ಇವಕ್ಕೆ ಬೇರೆ ಬೆಲೆಯಿಲ್ಲ. ತೀರಿದರೆ ಮತ್ತೆ ಕೊಡುವರು. ನಮ್ಮ ಹೋಟೆಲುಗಳಲ್ಲಿ ಇಡ್ಲಿಗೆ ಎರಡನೆಯ ಸಲ ಸಾಂಬಾರು ಹಾಕಿಸಿಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಎರಡನೆಯ ದೂರಿನ ವಿಚಾರ. ನಮ್ಮ ಪಂಕ್ತಿಯಲ್ಲಿ ಬಡಿಸುವವನು ‘ಸಾವಕಾಶವಾಗಿ ಊಟ ಮಾಡಿ’ ಎನ್ನುತ್ತ ಮತ್ತೆ ಮತ್ತೆ ಬರುವುದೇ ಮರ್ಯಾದೆ. ಅಲ್ಲಿ ಊಟದ ನಡುವೆ ಬಂದು ಮಾತನಾಡಿಸದಿರುವುದು ವಾಡಿಕೆ. ಬೇಕಾದವರು ಕರೆಯಬೇಕು. ಅನೇಕ ಕಡೆ ಮೇಜಿನ ಅಂಚಿನಲ್ಲಿ ಕರೆಗಂಟೆಯ ಗುಂಡಿ ಇರುತ್ತದೆ. ಇಲ್ಲದ ಕಡೆ ‘ಯೊಗಿಯೊ’, ಅಂದರೆ ‘ಇಲ್ಲಿ’, ಎಂದು ಗಟ್ಟಿಯಾಗಿ ಕೂಗಬಹುದು, ಅದು ಒರಟುತನವಲ್ಲ. ಬಡಿಸುವ ಹಿರಿಯ ಹೆಂಗಸನ್ನು ‘ಇಮೊ’ ಎಂದು ಕರೆಯುವುದೂ ಉಂಟು. ಇಮೊ ಎಂದರೆ ತಾಯಿಯ ಒಡಹುಟ್ಟಿದವಳು, ನಮ್ಮ ದೊಡ್ಡಮ್ಮ ಚಿಕ್ಕಮ್ಮ. ಚಮಚವೂ ಕಡ್ಡಿಗಳೂ ಎಷ್ಟೋ ಕಡೆ ಮೇಜಿನ ಪಕ್ಕದ ಸೆಳೆಖಾನೆಯಲ್ಲಿರುತ್ತವೆ. ನೀರನ್ನು ಕೆಲವೆಡೆ ತಾವೇ ತಂದುಕೊಳ್ಳಬೇಕು. ಈಚಿನ ವರ್ಷಗಳಲ್ಲಿ ಬಾಗಿಲ ಬಳಿಯ ಯಂತ್ರದಲ್ಲಿಯೋ ಮೇಜಿನ ಮೇಲಿನ ಪರದೆಯಲ್ಲಿಯೋ ಬೇಕಾದುದನ್ನು ಒತ್ತಿ ತಿಳಿಸುವ ಏರ್ಪಾಡು ಹೆಚ್ಚಿದೆ. ಇದರಿಂದ ವಯಸ್ಸಾದವರು ತಬ್ಬಿಬ್ಬಾಗುವರೆಂಬ ದೂರು ಆ ದೇಶದವರಲ್ಲಿಯೇ ಉಂಟು.

ಊಟ ಮುಗಿದ ಮೇಲೆ ಗಲ್ಲಾದ ಬಳಿ ಹೋಗಿ ಹಣ ತೆತ್ತರೆ ತೀರಿತು. ಮಾಣಿಗೆ ಇನಾಮು ಕೊಡುವ ಪದ್ಧತಿಯಿಲ್ಲ. ತೆರಿಗೆಯೂ ಸೇವಾಶುಲ್ಕವೂ ಸೇರಿದ ಅಂತಿಮ ಬೆಲೆಯನ್ನೇ ತಿಂಡಿಯ ಪಟ್ಟಿಯಲ್ಲಿ ಬರೆಯತಕ್ಕದ್ದೆಂದು 2013ರಲ್ಲಿ ಕಾನೂನಾಯಿತು. ಪಟ್ಟಿಯಲ್ಲಿ ಕಂಡಷ್ಟೇ ಹಣ. ಬಿಲ್ಲು ಬಂದಾಗ ಎದೆ ಹಾರುವುದಿಲ್ಲ.

ಅನ್ನ ಬರುವುದು ಮುಚ್ಚಳವುಳ್ಳ ಸ್ಟೀಲಿನ ಪುಟ್ಟ ಬಟ್ಟಲಿನಲ್ಲಿ. ‘ಇಷ್ಟೇ ಅನ್ನವೇ?’ ಎಂದು ನಮ್ಮವರಿಗೆ ತೋರುವುದು ಸಹಜ. ಇದರ ಹಿಂದೆ ಒಂದು ಕಥೆಯಿದೆ. ಅಕ್ಕಿಯ ಅಭಾವದ ಕಾಲದಲ್ಲಿ, 1976ರಲ್ಲಿ, ಸಿಯೋಲ್ ನಗರದ ಆಡಳಿತವು ಊಟದ ಮನೆಗಳ ಅನ್ನದ ಬಟ್ಟಲು 10.5 ಸೆಂಟಿಮೀಟರು ಅಗಲ, 6 ಸೆಂಟಿಮೀಟರು ಎತ್ತರವಿರಬೇಕೆಂದು ಕಟ್ಟಳೆ ಮಾಡಿತು. ಅಕ್ಕಿಯ ಅಭಾವ ಹೋಯಿತು, ಬಟ್ಟಲು ಉಳಿಯಿತು. ಆ ಬಟ್ಟಲನ್ನು ಚೀನರಂತೆ ಜಪಾನಿಯರಂತೆ ಕೈಯಲ್ಲಿ ಎತ್ತಿಕೊಂಡು ಉಣ್ಣುವುದು ಅಲ್ಲಿಯ ಶಿಷ್ಟಾಚಾರಕ್ಕೆ ಸಲ್ಲದು. ಮೇಜಿನ ಮೇಲೆಯೇ ಇಟ್ಟು ಅನ್ನ ಸಾರುಗಳನ್ನು ಚಮಚದಿಂದಲೂ ವ್ಯಂಜನವನ್ನು ಕಡ್ಡಿಗಳಿಂದಲೂ ತೆಗೆದುಕೊಳ್ಳಬೇಕು. ಪಂಕ್ತಿಯಲ್ಲಿ ಹಿರಿಯರು ಚಮಚ ಎತ್ತುವವರೆಗೆ ಕಾಯಬೇಕು.

ಗಿರಾಕಿಗಳಿಗೆ ನಿಜವಾಗಿ ನೋವು ತರುವ ಸಂಗತಿ ಬೇರೆ ಇದೆ. ಮೇಜಿನ ಮೇಲೆ ಬೆಂಕಿಯಿಟ್ಟು ಮಾಂಸ ಸುಡುವ ಅಂಗಡಿಗಳಲ್ಲಿಯೂ, ದೊಡ್ಡ ಪಾತ್ರೆಯ ಕುದಿಸಾರಿನ ಅಂಗಡಿಗಳಲ್ಲಿಯೂ, ಇಬ್ಬರ ಪ್ರಮಾಣಕ್ಕಿಂತ ಕಡಮೆ ಕೊಡುವುದಿಲ್ಲವೆಂಬ ನಿಯಮ ಸಾಮಾನ್ಯ. ಒಬ್ಬರೇ ಹೋದವರು ಇಬ್ಬರ ಹಣ ತೆರಬೇಕು, ಇಲ್ಲವೆ ಹಿಂದಿರುಗಬೇಕು. ಕೊಸರು ಇಲ್ಲಿಯೇ ತನ್ನ ಇನ್ನೊಂದು ಮುಖವನ್ನು ತೋರಿಸುತ್ತದೆ. ಒಬ್ಬನು ಬಂದರೂ ನಾಲ್ವರು ಬಂದರೂ ಬಟ್ಟಲುಗಳನ್ನು ಹೂಡುವ ಶ್ರಮ ಬಹುಮಟ್ಟಿಗೆ ಒಂದೇ. ಆ ಶ್ರಮದ ಬೆಲೆ ಅನ್ನದ ಬೆಲೆಯಲ್ಲಿ ಅಡಗಿದೆ. ಆದರೆ ಈಗ ಆ ದೇಶದ ಸಂಸಾರಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಒಬ್ಬಂಟಿ ಸಂಸಾರಗಳು. ಒಬ್ಬರೇ ಕುಳಿತು ಉಣ್ಣುವುದಕ್ಕೆ ‘ಹೊನ್‌ಬಾಪ್’ ಎಂಬ ಹೊಸ ಸಮಾಸವೇ ಹುಟ್ಟಿದೆ. ಒಂಟಿ ಮತ್ತು ಅನ್ನ ಎಂಬ ಎರಡು ಪದಗಳ ಕೂಡುವಿಕೆ ಅದು. ಒಬ್ಬರಿಗೆಂದೇ ಆಸನ ಹಾಕಿದ ಅಂಗಡಿಗಳೂ ಬಂದಿವೆ. ಕೂಡಿ ಉಣ್ಣುವ ಸಮಾಜವು ಒಂಟಿಯಾಗಿ ಉಣ್ಣಬೇಕಾಗಿ ಬಂದಾಗ ಪದ್ಧತಿಯು ಮನುಷ್ಯನಿಗೆ ಹೊಂದಿಕೊಳ್ಳಬೇಕಾಗುತ್ತದೆ.

ಹೇರಳವಾಗಿ ಕೊಟ್ಟದ್ದು ಉಳಿಯುತ್ತದೆ, ಉಳಿದುದರ ಗತಿಯೇನು? ಒಬ್ಬರ ಮುಂದೆ ಇಟ್ಟದ್ದನ್ನು, ಅಂದರೆ ನಾವು ಎಂಜಲು ಎನ್ನುವುದನ್ನು, ಮತ್ತೊಬ್ಬರಿಗೆ ಬಡಿಸುವ ಅಂಗಡಿಗಳಿವೆಯೆಂಬ ಕೂಗೆದ್ದು, 2009ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದರು. ತಪ್ಪಿ ನಡೆದರೆ ಅಂಗಡಿಯನ್ನು ಕೆಲವು ದಿನ ಮುಚ್ಚಿಸುವ ದಂಡನೆಯುಂಟು. ಗಿರಾಕಿಯು ತಾನೇ ಬೇಕಾದಷ್ಟು ತೆಗೆದುಕೊಳ್ಳುವಂತೆ ಮುಚ್ಚಳದ ಪಾತ್ರೆಯಲ್ಲಿಟ್ಟ ಕಿಮ್ಚಿಗೆ ವಿನಾಯಿತಿ ಇದೆ. 2010ರ ಶರತ್ಕಾಲದಲ್ಲಿ ಹವೆ ಕೆಟ್ಟು ಎಲೆಕೋಸಿನ ಬೆಲೆ ಗಗನಕ್ಕೇರಿದಾಗ, ಕಿಮ್ಚಿಗೂ ಹಣ ಕೇಳಬೇಕೆ ಎಂಬ ಇಕ್ಕಟ್ಟಿಗೆ ಅಂಗಡಿಯವರು ಸಿಕ್ಕಿದರು. ಕೊಸರು ಬಿಟ್ಟಿಯಲ್ಲ, ಯಾರೋ ಒಬ್ಬರು ತೆರುತ್ತಿರುತ್ತಾರೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಶಾಕಾಹಾರಿಗಳಾದ ನಮ್ಮವರಿಗೆ ಒಂದು ಎಚ್ಚರಿಕೆ ಅಗತ್ಯ. ಕಿಮ್ಚಿಯಲ್ಲಿ ಸಾಧಾರಣವಾಗಿ ಉಪ್ಪುಹಾಕಿದ ಸಿಗಡಿಯೋ ಮೀನಿನ ರಸವೋ ಇರುತ್ತದೆ. ಅನೇಕ ಸಾರುಗಳಿಗೆ ಒಣಮೀನಿನ ಕಷಾಯವೇ ಆಧಾರ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಮೀನೂ ಬೇಡವೆಂದು ಬಿಡಿಸಿ ಹೇಳಬೇಕು. ನಿಶ್ಚಿಂತೆಯಿಂದ ಉಣ್ಣಬಹುದಾದದ್ದು ಬೌದ್ಧ ವಿಹಾರಗಳ ಅಡಿಗೆ. ಅದರಲ್ಲಿ ಮಾಂಸ ಮೀನುಗಳು ಮಾತ್ರವಲ್ಲ, ಬೆಳ್ಳುಳ್ಳಿ ಈರುಳ್ಳಿಯ ಜಾತಿಯ ಘಾಟುಪದಾರ್ಥಗಳೂ ವರ್ಜ್ಯ. ಮಡಿಯ ಅಡಿಗೆಯನ್ನು ಬಲ್ಲ ಮನೆಗಳಿಗೆ ಇದು ದೂರದೇಶದಲ್ಲಿ ಸಿಕ್ಕಿದ ನೆಂಟಸ್ತನವೆಂದೇ ತೋರೀತು.

ಆದುದರಿಂದ ಪರದೇಶದ ಊಟದ ಮನೆಯ ಗುಣದೋಷವನ್ನು ಹೇಳುವ ಮೊದಲು, ಅಲ್ಲಿಯವರು ತಮ್ಮ ಆದರವನ್ನು ಎಲ್ಲಿ ಇಟ್ಟಿದ್ದಾರೆಂಬುದನ್ನು ನೋಡತಕ್ಕದ್ದು. ಕೆಲವರು ಅದನ್ನು ಮಾತಿನಲ್ಲಿ ಇಡುತ್ತಾರೆ, ಕೊರಿಯನ್ನರು ಹೆಚ್ಚಾಗಿ ಬಟ್ಟಲಿನಲ್ಲಿ ಇಟ್ಟಿದ್ದಾರೆ. ಕೇಳಿದರೆ ಮತ್ತೆ ಕೊಡುವರು. ತಿನ್ನುವಷ್ಟನ್ನೇ ಕೇಳುವುದು ಉಣ್ಣುವವರ ಮರ್ಯಾದೆ.