ಹಳೆಯ ಫ್ಲಾಪಿಯೊಳಗಿನ ಕನ್ನಡ

ಕಳೆದ ಮಳೆಗಾಲದಲ್ಲಿ ಊರಿನ ಮನೆಯ ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ, ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಕಪ್ಪು ಬಣ್ಣದ ಫ್ಲಾಪಿಯೊಂದು ದೊರೆಯಿತು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ತಂದೆಯವರ ದುಂಡನೆಯ ಕೈಬರಹದಲ್ಲಿ ‘ನೆನಪುಗಳು, 1999’ ಎಂದಿತ್ತು.

ತಂದೆಯವರು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ನಿವೃತ್ತರಾದ ಮೇಲೆ ತಮ್ಮ ಬಾಳಿನ ವೃತ್ತಾಂತವನ್ನು ಬರೆದು, ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅಕ್ಷರ ಜೋಡಿಸಲು ಕೊಟ್ಟಿದ್ದರು. ಗಣಕಯಂತ್ರದ ಹುಚ್ಚು ಹತ್ತಿದ್ದ ನಾನೇ ಅದಕ್ಕೆ ಪ್ರೇರಕ. ‘ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಇದಕ್ಕೆ ಹಿಡಿಯುವುದಿಲ್ಲ’ ಎಂದು ಧೈರ್ಯ ಹೇಳಿದವನೂ ನಾನೇ. ಪುಸ್ತಕವು ಅಚ್ಚಾಗುವ ಮೊದಲೇ ಅವರು ತೀರಿಕೊಂಡರು. ಹಸ್ತಪ್ರತಿಯು ಮನೆಗೆ ಸುಣ್ಣ ಹೊಡೆಸಿದಾಗಿನ ಗಲಿಬಿಲಿಯಲ್ಲಿ ರದ್ದಿಯವನ ಪಾಲಾಯಿತು. ಉಳಿದದ್ದು ಈ ಫ್ಲಾಪಿ, ಮತ್ತು ಅದೇ ಡಬ್ಬಿಯಲ್ಲಿ ಮಡಿಸಿಟ್ಟಿದ್ದ ಕರಡಚ್ಚಿನ ಎರಡು ಹಾಳೆಗಳು.

ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಫ್ಲಾಪಿಯನ್ನು ಕಂಡಿರಲಾರರು. ಗಣಕದ ತೆರೆಯ ಮೇಲೆ ಕಡತವನ್ನು ಉಳಿಸುವ ಗುಂಡಿಯಾಗಿ ಅದರ ಚಿತ್ರವನ್ನು ಮಾತ್ರ ಕಂಡಿರುವರು. ಮೂರೂವರೆ ಅಂಗುಲದ ಆ ಕವಚದೊಳಗೆ ಕಾಂತೀಯ ಲೇಪವುಳ್ಳ ತೆಳುವಾದ ಬಿಲ್ಲೆಯುಂಟು. ಬಿಲ್ಲೆಯ ಒಂದೊಂದು ಮುಖದಲ್ಲಿಯೂ 80 ವೃತ್ತಾಕಾರದ ಪಥಗಳು, ಪ್ರತಿ ಪಥದಲ್ಲಿಯೂ 18 ಖಂಡಗಳು, ಪ್ರತಿ ಖಂಡದಲ್ಲಿಯೂ 512 ಬೈಟುಗಳು. ಗುಣಿಸಿ ನೋಡಿದರೆ ಒಟ್ಟು 14,74,560 ಬೈಟುಗಳಾಗುತ್ತವೆ. ಇಂದು ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಇದರಲ್ಲಿ ಹಿಡಿಯದಿರಬಹುದು. ಆದರೂ ಒಬ್ಬ ಮನುಷ್ಯನ ಜೀವನ ಚರಿತ್ರೆ ಹಿಡಿದು ಮತ್ತೂ ಜಾಗ ಮಿಕ್ಕಿತ್ತು.

ಓದುವ ಸಾಧನಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎರಡು ದಿನ ಅಲೆದೆನು. ಹಳೆಯ ಸಾಮಾನುಗಳ ರಾಶಿಯಲ್ಲಿ ಒಂದು ಸಿಕ್ಕಿತು. ಬಿಲ್ಲೆಯು ಒಂದಷ್ಟು ಗೊಣಗಿತು. ಕೊನೆಗೆ ಕೆಲವು ಖಂಡಗಳನ್ನುಳಿದು ಮಿಕ್ಕೆಲ್ಲವನ್ನೂ ಒಪ್ಪಿಸಿತು. ಆತುರದಿಂದ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ ಗೀಟುಗಳು, ನಡುನಡುವೆ ಯಾವ ದೇಶದ್ದೋ ನಾಣ್ಯದ ಗುರುತುಗಳು.

ಇದಕ್ಕೆ ಕಾರಣವೇನು? ಗಣಕಯಂತ್ರವು ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಬಲ್ಲದು. ಯಾವ ಅಂಕಿಗೆ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಅಮೆರಿಕದಲ್ಲಿ 1963ರಲ್ಲಿ ಹೊರಬಂದ ಆಸ್ಕಿ ಎಂಬ ಒಪ್ಪಂದದಲ್ಲಿ 128 ಸ್ಥಾನಗಳಿದ್ದುವು; ಇಂಗ್ಲಿಷಿಗೆ ಅಷ್ಟು ಧಾರಾಳವಾಗಿ ಸಾಕು. ಒಂದು ಬೈಟಿನ ಪೂರ್ಣ ಮಿತಿಯಾದ 256ನ್ನು ಬಳಸಿಕೊಂಡರೂ ನಮ್ಮ ಕಾಗುಣಿತ, ಒತ್ತಕ್ಷರಗಳ ಸಂಸಾರ ಅದರಲ್ಲಿ ಹಿಡಿಸುವಂತಿರಲಿಲ್ಲ. ಆಗ ನಮ್ಮವರು ಒಂದು ಉಪಾಯ ಹೂಡಿದರು. ಅಚ್ಚಿನ ಮನೆಯ ಮೊಳೆಗಳಂತೆ ಅಕ್ಷರಗಳನ್ನು ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡರಿಸಿ, ಇಂಗ್ಲಿಷಿನ ಅಂಕಿಗಳ ಮನೆಯಲ್ಲಿಯೇ ಆ ತುಂಡುಗಳನ್ನು ಕೂರಿಸಿದರು. ತಕ್ಕ ಅಕ್ಷರಶೈಲಿ ಗಣಕದಲ್ಲಿದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಮನೆಯ ಮೂಲ ಯಜಮಾನನಾದ ರೋಮನ್ ಅಕ್ಷರ ಹೊರಗೆ ಇಣುಕುತ್ತದೆ. ಹೀಗೆ ಮಾಡಿದವರನ್ನು ಹಳಿಯುವುದು ಸಲ್ಲದು. ಅವರು ಆ ಉಪಾಯ ಹೂಡದಿದ್ದರೆ ಗಣಕದಲ್ಲಿ ಕನ್ನಡವು ಬಹುಕಾಲ ಕಾಣದೆಯೇ ಹೋಗುತ್ತಿತ್ತು. ತೊಂದರೆಯೆಂದರೆ ಒಬ್ಬೊಬ್ಬ ತಯಾರಕನೂ ತನ್ನದೇ ಪಟ್ಟಿಯನ್ನಿಟ್ಟುಕೊಂಡನು. ನಮ್ಮ ಅಂಗಡಿಯವರ ಪಟ್ಟಿ ಯಾರದೋ ತಿಳಿಯಲಿಲ್ಲ, ಅಂಗಡಿಯೇ ಈಗಿಲ್ಲ.

ಕರಡಚ್ಚಿನ ಎರಡು ಹಾಳೆಗಳು ಆಗ ನೆರವಿಗೆ ಬಂದುವು. ಕಡತದಲ್ಲಿ ಅದೇ ಭಾಗವನ್ನು ಹುಡುಕಿ, ಯಾವ ಗುರುತಿಗೆ ಯಾವ ತುಂಡು ಎಂದು ಪಟ್ಟಿ ಮಾಡುತ್ತಾ ಕುಳಿತೆನು. 1822ರಲ್ಲಿ ಷಾಂಪೋಲಿಯನು ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಸಂತೋಷದ ಸಾವಿರದಲ್ಲೊಂದು ಪಾಲನ್ನು ನಾನೂ ಅನುಭವಿಸಿದೆನೆಂದರೆ ಓದುಗರು ನಗಬಾರದು. ಈ ಪಟ್ಟಿಯ ಒಂದು ಬದಿಗೆ ಯೂನಿಕೋಡಿನ ಅಂಕಿಗಳು. 1991ರಲ್ಲಿ ಪ್ರಕಟವಾದ ಈ ಜಾಗತಿಕ ಒಪ್ಪಂದದಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲು. ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221. ‘ಕ್ಷ’ ಎಂಬುದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರನ್ನು, ಅಂದರೆ 3221, 3277, 3255ನ್ನು, ಒಂದರ ಹಿಂದೊಂದು ಇಟ್ಟರಾಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಆಕಾರವಲ್ಲ, ಉಚ್ಚಾರಣೆಯ ಕ್ರಮ. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿಯೂ ಇದೇ ತತ್ತ್ವವುಂಟು.

ಈ ಭೇದವೇ ನನ್ನನ್ನು ಎಡವಿಸಿತು. ಕ್ರಮವಿಧಿಯನ್ನು ಬರೆದು ಕಡತವನ್ನು ಮಾರ್ಪಡಿಸಿದರೆ, ತಂದೆಯವರ ‘ಕರ್ನಾಟಕ’ವು ‘ಕನಾರ್ಟಕ’ವಾಗಿ ಹೊರಬಂದಿತು! ಅರ್ಕಾವೊತ್ತನ್ನು ನಾವು ‘ನಾ’ ಎಂಬುದರ ಬಲಕ್ಕೆ ಬರೆಯುತ್ತೇವೆ, ಉಚ್ಚರಿಸುವುದು ಮಾತ್ರ ಅದಕ್ಕಿಂತ ಮೊದಲು. ಹಳೆಯ ಕಡತವು ಕಣ್ಣಿಗೆ ಕಂಡ ಕ್ರಮವನ್ನು ಹಿಡಿದಿತ್ತು. ಅರ್ಕಾವೊತ್ತು ಎದುರಾದೊಡನೆ ಹಿಂದಿನ ಅಕ್ಷರವನ್ನು ದಾಟಿ ಅದರಾಚೆಗೆ ‘ರ್’ ಇಡಬೇಕೆಂದು ನಿಯಮ ಸೇರಿಸಿದ ಮೇಲೆ ನಾಡು ತನ್ನ ಹೆಸರನ್ನು ಮರಳಿ ಪಡೆಯಿತು.

ಈಗ ಎಲ್ಲೆಲ್ಲಿಯೂ ಮಾತನಾಡುವ ಯಂತ್ರಗಳದೇ ಸುದ್ದಿ. ಜನರು ಬರೆದಿಟ್ಟ ಅಪಾರ ಬರಹವನ್ನು ಓದಿ ಅವು ಭಾಷೆಯನ್ನು ಕಲಿಯುತ್ತವೆ. ಕನ್ನಡದ ಬರಹವೇ ಅವುಗಳಿಗೆ ಸಾಲದೆಂದು ಕೇಳಿದಾಗ ನನಗೆ ಈ ಫ್ಲಾಪಿಯ ನೆನಪಾಗುತ್ತದೆ. ಇಂಥ ಎಷ್ಟು ಕಡತಗಳು ರೋಮನ್ ವೇಷದಲ್ಲಿ ಕುಳಿತಿರಬಹುದು! ಹುಡುಕುವ ಯಂತ್ರಕ್ಕೆ ಅವು ಕನ್ನಡವೇ ಅಲ್ಲ. ಯೂನಿಕೋಡಿನಲ್ಲಿದ್ದರೂ ಕಷ್ಟ ಪೂರ್ತಿ ಕಳೆಯದು. ಬಹುವಾಗಿ ಬಳಕೆಯಲ್ಲಿರುವ ಯು.ಟಿ.ಎಫ್.-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ನಮ್ಮ ಒಂದು ‘ಕ್ಷ’ಕ್ಕೆ 9 ಬೇಕು. ಭಾಷಾಯಂತ್ರಗಳು ಬರಹವನ್ನು ಚೂರುಗಳಾಗಿ ಕತ್ತರಿಸಿ ನುಂಗುವಾಗ ಕನ್ನಡದ ಮಾತು ಅನೇಕ ವೇಳೆ ಇಂಗ್ಲಿಷಿನ ಮಾತಿಗಿಂತ ಹೆಚ್ಚು ಚೂರುಗಳಾಗುತ್ತದೆ. ಚೂರು ಹೆಚ್ಚಿದಷ್ಟೂ ಶ್ರಮವೂ ವೆಚ್ಚವೂ ಹೆಚ್ಚು. ಒಪ್ಪಂದ ಮಾಡುವಾಗ ಪಂಕ್ತಿಯಲ್ಲಿ ಮೊದಲು ಕುಳಿತವರಿಗೆ ದೊಡ್ಡ ಎಲೆ ಸಿಕ್ಕಿತೆಂದು ನನ್ನ ತಕರಾರು.

ತಂದೆಯವರ ಕಡತದಲ್ಲಿ ಒಂದು ಗುರುತು ಮಾತ್ರ ನನ್ನ ಪಟ್ಟಿಗೆ ಸಿಕ್ಕದೆ ಉಳಿಯಿತು. ಇಡೀ ಬರಹದಲ್ಲಿ ಅದು ನಾಲ್ಕೇ ಬಾರಿ, ಅದೂ ಒಂದೇ ಪುಟದಲ್ಲಿ ಬಂದಿತ್ತು. ಆ ಪುಟವನ್ನು ಮತ್ತೆ ಮತ್ತೆ ಓದಿದ ಮೇಲೆ ಹೊಳೆಯಿತು: ಹಳಗನ್ನಡದಲ್ಲಿ ಕೋಳಿಯು ‘ಕೋೞಿ’ಯಾಗಿತ್ತೆಂದು ಹುಡುಗರಿಗೆ ತಿಳಿಸಲು ತರಗತಿಯಲ್ಲಿ ತಾವು ಪಟ್ಟ ಪಾಡನ್ನು ಅವರು ಅಲ್ಲಿ ಬಣ್ಣಿಸಿದ್ದರು. ಗುರುತು ‘ೞ’ಕಾರದ್ದು. ಯೂನಿಕೋಡಿನಲ್ಲಿ ಇದರ ಸ್ಥಾನವನ್ನು ಹುಡುಕಿದರೆ, ಅಲ್ಲಿ ಅದರ ಹೆಸರು ‘ಫ’ ಎಂದಿದೆ! ಯಾರದೋ ಕೈತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿ ತಪ್ಪನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ತಂದೆಯವರಿದ್ದಿದ್ದರೆ ಕೆಂಪು ಶಾಯಿಯ ಲೇಖನಿ ತೆಗೆಯುತ್ತಿದ್ದರು.

ಓದಲಾಗದ ಖಂಡಗಳು ಹನ್ನೊಂದು. ಒಂಬತ್ತು ಬರಿದಾದ ಜಾಗದಲ್ಲಿದ್ದುವು, ಎರಡು ಬರಹದಲ್ಲಿದ್ದುವು. ತಂದೆಯವರು ಬಡತನದಿಂದ ಶಾಲೆ ಬಿಡಲು ನಿಶ್ಚಯಿಸಿದ ದಿನದ ಸಂಗತಿ ಅದು. ‘ಅಂದು ಸಂಜೆ ಮಾಸ್ತರರು ನನ್ನನ್ನು ಮನೆಗೆ ಕರೆದು,’ ಎಂಬಲ್ಲಿ ಮಾತು ನಿಲ್ಲುತ್ತದೆ. ಸಾವಿರದಿಪ್ಪತ್ತನಾಲ್ಕು ಬೈಟುಗಳ ಆಚೆಗೆ, ‘ಮರುದಿನ ಬೆಳಗ್ಗೆ ನಾನು ಮತ್ತೆ ಶಾಲೆಗೆ ಹೋದೆನು’ ಎಂದು ಮುಂದುವರಿಯುತ್ತದೆ.

ಸೋದರತ್ತೆಯವರಿಗೆ ಈಗ ಎಂಬತ್ತೆಂಟು ವರ್ಷ. ನೆನಪು ಇನ್ನೂ ಚುರುಕಾಗಿದೆ. ದೀಪಾವಳಿಗೆ ಊರಿಗೆ ಹೋದಾಗ ಮಾಸ್ತರರು ಅಂದು ಏನು ಹೇಳಿದರೆಂದು ಅವರನ್ನು ಕೇಳಬೇಕೆಂದಿದ್ದೇನೆ.