ಹದಿನಾಲ್ಕು ತವಾಗಳ ಹ್ಯಾರೋ

ಕರೋಲ್ ಬಾಗಿಗೆ ಜನ ಬರುವುದು ಮದುವೆ ಜವಳಿಗೆ, ಒಡವೆಗೆ, ಗಫಾರ್ ಮಾರ್ಕೆಟ್ಟಿನ ಮೊಬೈಲಿಗೆ. ಅಜ್ಮಲ್ ಖಾನ್ ರಸ್ತೆಯ ಆ ಜಾತ್ರೆಯನ್ನು ದಾಟಿ ನಾಈವಾಲಾ ಗಲ್ಲಿಗಳಿಗೆ ಹೊಕ್ಕರೆ ವಾಸನೆಯೇ ಬೇರೆ. ರಬ್ಬರು, ಗ್ರೀಸು, ಸುಟ್ಟ ಎಣ್ಣೆ. ಇದು ಬೈಕಿನ ಬಿಡಿಭಾಗಗಳ ಪೇಟೆ. ಜೂನ್ ತಿಂಗಳ ಒಂದು ಮಧ್ಯಾಹ್ನ, ಲೂ ಗಾಳಿ ಗಲ್ಲಿಯೊಳಗೂ ನುಗ್ಗಿ ಬರುತ್ತಿದ್ದಾಗ, ಅಲ್ಲಿನ ಬೇರಿಂಗ್ ಅಂಗಡಿಯೊಂದರ ಕಟ್ಟೆಯ ಮೇಲೆ ಗೋಣಿತಾಟಿನ ಗಂಟೊಂದು ದೊಪ್ಪನೆ ಬಿತ್ತು.

ತಂದವನು ನಜಫ್‌ಗಢದ ಆಚೆಯ ಹಳ್ಳಿಯ ಬಾಡಿಗೆ ಟ್ರ್ಯಾಕ್ಟರಿನ ಡ್ರೈವರ್. ಮೊದಲು ಗ್ರೇ ಲೈನ್, ದ್ವಾರಕಾದಲ್ಲಿ ಇಳಿದು ಬ್ಲೂ ಲೈನ್, ಹೀಗೆ ಮೆಟ್ರೋದಲ್ಲೇ ಬಂದಿದ್ದ. ಸ್ಟೇಷನ್ನಿನ ಸ್ಕ್ಯಾನರ್ ಮುಂದೆ ಗಂಟು ಬಿಚ್ಚಿಸಿದ್ದರಂತೆ. ‘ಹ್ಯಾರೋದ ಬೇರಿಂಗ್, ಸಾಬ್’ ಎಂದರೆ ಅದು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೆಲ ಹದಮಾಡುವ ಸಾಧನವೆಂದು ಆ ಪೇದೆಗೆ ಗೊತ್ತಾಗಬೇಕಲ್ಲ!

ಅಂಗಡಿಯ ಮುದುಕ ಮಾತಾಡಲಿಲ್ಲ. ಸೀಮೆಎಣ್ಣೆಯ ಬಟ್ಟೆಯಲ್ಲಿ ಅಂಚನ್ನು ಒರೆಸಿ ಬೆಳಕಿಗೆ ಹಿಡಿದ. ರೋಲರುಗಳನ್ನು ಹಿಡಿದಿಡುವ ಪಂಜರ ಪುಡಿಯಾಗಿತ್ತು, ಒಳಬಳೆ ಕಾದು ನೀಲಿಗಟ್ಟಿತ್ತು. ಆದರೂ ಕೊರೆದ ಅಂಕಿ ಉಳಿದಿತ್ತು: 30208. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ, 40 ಮಿಲಿಮೀಟರ್. ಬೈಕಾಗಲಿ, ಗಿರಣಿಯಾಗಲಿ, ಹ್ಯಾರೋ ಆಗಲಿ, ಬೇರಿಂಗಿಗೆ ನಂಬರೇ ಜಾತಕ. ಮುದುಕ ಹಿಂದಿನ ಕಪಾಟಿನಿಂದ ಡಬ್ಬಿ ತೆಗೆದ. ‘ನೀರು ಕಟ್ಟದೆ ಹೊಡೆದೆಯೇನೋ ಮಗನೇ?’ ಎಂದ. ‘ಹೊಲದ ಯಜಮಾನ ಕೇಳಬೇಕಲ್ಲ ತಾಊ’ ಎಂದು ಇವನು ಕತ್ತು ತುರಿಸಿಕೊಂಡ.

ದಿಲ್ಲಿಯಲ್ಲಿ ಹೊಲವೆಲ್ಲಿ ಎಂದು ಊರಿನಿಂದ ಬಂದ ನೆಂಟರು ಕೇಳುವುದುಂಟು. ಕರೋಲ್ ಬಾಗಿನ ಪಕ್ಕದಲ್ಲೇ ಇದೆ. ಪೂಸಾ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಗದ್ದೆಗಳು, ಸುತ್ತಲೂ ಮಹಾನಗರ. 1905ರಲ್ಲಿ, ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಸಿರಿವಂತ ಕೊಟ್ಟ ಹಣದ ನೆರವಿನಿಂದ, ಬಿಹಾರದ ಪೂಸಾದಲ್ಲಿ ಹುಟ್ಟಿದ ಸಂಸ್ಥೆ ಅದು. 1934ರ ಭೂಕಂಪದಲ್ಲಿ ಕಟ್ಟಡ ಕುಸಿದ ಮೇಲೆ 1936ರಲ್ಲಿ ಇಲ್ಲಿಗೆ ಬಂತು, ಊರಿನ ಹೆಸರನ್ನೂ ಹೊತ್ತುಕೊಂಡೇ ಬಂತು. ಆದರೆ ಸಂಶೋಧನೆಯ ಮಡಿಯಲ್ಲಿ ನೀರು, ಗೊಬ್ಬರ, ಉಳುಮೆ ಎಲ್ಲಕ್ಕೂ ಲೆಕ್ಕವಿರುತ್ತದೆ. ಬಾಡಿಗೆ ಹ್ಯಾರೋದ ಪಾಡು ನೋಡಬೇಕಾದರೆ ನಜಫ್‌ಗಢದ ಕಡೆಗೇ ಹೋಗಬೇಕು. ಡ್ರೈವರನ ಜೊತೆ ಹೋದೆ.

ಏಪ್ರಿಲಿನಲ್ಲಿ ಗೋಧಿ ಕೊಯ್ದ ಹೊಲ. ಕಟಾವು ಯಂತ್ರದ ದಪ್ಪ ಗಾಲಿಗಳು ಅದನ್ನು ತುಳಿದಿದ್ದವು. ಆಮೇಲೆ ಒಂದೂವರೆ ತಿಂಗಳ ಬಿಸಿಲು. ಸಾಹಿಬಿ ನದಿ ಹಿಂದೆ ಹರಡಿಕೊಳ್ಳುತ್ತಿದ್ದ ತಗ್ಗಿನ ಮಣ್ಣು, ಒಣಗಿದರೆ ಗುದ್ದಲಿ ಹಾಕಿದವನ ಮೊಣಕೈಯೇ ಜುಮ್ಮೆನ್ನಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿಲ್ಲಿಗೆ ಮುಂಗಾರು ಕಾಲಿಡುವ ದಿನ ಜೂನ್ 27. ಅದಕ್ಕೆ ಮುಂಚೆಯೇ ಮೇವಿನ ಜೋಳಕ್ಕೆ ಹೊಲ ಅಣಿಯಾಗಬೇಕು ಎಂಬುದು ಯಜಮಾನನ ಅವಸರ.

ಹೊಲದಂಚಿನಲ್ಲಿ ನಿಂತಿದ್ದ ಹ್ಯಾರೋದಲ್ಲಿ ಮುಂದೆ ಏಳು, ಹಿಂದೆ ಏಳು ಉಕ್ಕಿನ ತಟ್ಟೆಗಳು. ಇಲ್ಲಿಯವರು ಅವನ್ನು ತವಾ ಎನ್ನುತ್ತಾರೆ. ಮುಂದಿನವು ಅಂಚಿನಲ್ಲಿ ಕಚ್ಚು ಕತ್ತರಿಸಿದವು, ಹುಲ್ಲು ಕೂಳೆಯನ್ನು ಹಿಡಿದು ತುಂಡರಿಸುವುದಕ್ಕೆ. ಹಿಂದಿನವು ನುಣುಪು ಅಂಚಿನವು. ಮುಂದಿನ ಸಾಲು ಮಣ್ಣನ್ನು ಒಂದು ಬದಿಗೆ ಎಸೆದರೆ ಹಿಂದಿನದು ಅದನ್ನೇ ಮತ್ತೊಂದು ಬದಿಗೆ ಮರಳಿಸುತ್ತದೆ. ಎರಡರ ಎಳೆತ ಸಮವಾಗಿದ್ದರೆ ಹ್ಯಾರೋ ನೆಟ್ಟಗೆ ಹೋಗುತ್ತದೆ. ಮುಂದಿನದು ಹೆಚ್ಚು ಕಚ್ಚಿತೋ, ಟ್ರ್ಯಾಕ್ಟರಿನ ಹಿಂಭಾಗವನ್ನೇ ಪಕ್ಕಕ್ಕೆ ಎಳೆಯುತ್ತದೆ. ಆಗ ಟಾಪ್ ಲಿಂಕ್ ಎಂಬ ಮೇಲಿನ ಕೊಂಡಿಯನ್ನು ತಿರುಗಿಸಿ ಸರಿದೂಗಿಸಬೇಕು.

ನೇಗಿಲಿನ ಮೊನೆ ತನ್ನಷ್ಟಕ್ಕೆ ತಾನು ನೆಲದೊಳಗೆ ಇಳಿಯುತ್ತದೆ. ಹ್ಯಾರೋಗೆ ಆ ಗುಣವಿಲ್ಲ. ಅದು ಇಳಿಯುವುದು ತನ್ನ ತೂಕದಿಂದ, ಸಾಲು ನಿಂತ ಓರೆಯಿಂದ. ಟ್ರ್ಯಾಕ್ಟರಿಗೆ ಎಷ್ಟು ಕುದುರೆಬಲವಿದ್ದರೇನು, ಅದು ಎಳೆದೀತೇ ಹೊರತು ಒತ್ತಲಾರದು. ನಾನು ಬರುವ ಮುಂಚೆ ಒಣ ನೆಲಕ್ಕೆ ಬಿಟ್ಟಾಗ ಆದದ್ದೂ ಅದೇ. ತವಾಗಳು ಮೇಲೆ ಮೇಲೆ ಕೆರೆದುಕೊಂಡು ಕಣಕಣ ಸದ್ದು ಮಾಡುತ್ತ ಓಡಿದವು, ಹಿಂದೆ ಎರಡು ಬೆರಳಿನಷ್ಟು ಗೀರು, ಮುಗಿಲೆತ್ತರದ ಧೂಳು. ಓರೆ ಹೆಚ್ಚಿಸಿದರೆ ಕಚ್ಚುತ್ತದೆ ಎಂದು ಡ್ರೈವರ್ ಬೋಲ್ಟನ್ನು ಕೊನೆಯ ತೂತಿಗೆ ಹಾಕಿದ. ಕಚ್ಚಿತು, ಜೊತೆಗೆ ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ತಿರುಗಿತು. ಚೌಕಟ್ಟಿನ ಮೇಲೆ ಮಣ್ಣು ತುಂಬಿದ ಚೀಲ ಹೇರಿದ. ಎಷ್ಟೋ ಕಡೆ ಭಾರಕ್ಕೆಂದು ಆಳನ್ನೋ ಹುಡುಗರನ್ನೋ ಕೂರಿಸುತ್ತಾರೆ. ಜಾರಿದರೆ ಬೀಳುವುದು ತಿರುಗುವ ತವಾಗಳ ಬಾಯಿಗೇ. ಈ ಡ್ರೈವರ್ ಅದಕ್ಕೆ ಒಪ್ಪುವವನಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ಕಡೆಗೆ ನೆಲ ಒಡೆಯಿತು, ಆದರೆ ತೆಂಗಿನಕಾಯಿ ಗಾತ್ರದ ಹೆಂಟೆಗಳಾಗಿ. ಎರಡನೆಯ ಹೊಡೆತಕ್ಕೆ ಆ ಹೆಂಟೆಗಳ ಮೇಲೆ ಹ್ಯಾರೋ ಕುಣಿಯತೊಡಗಿದ್ದೇ ತಡ, ಹಿಂದಿನ ಸಾಲಿನ ಬೇರಿಂಗ್ ಕಿರುಗುಟ್ಟಿ ಹಿಡಿದುಕೊಂಡಿತು. ಗಂಟು ಕರೋಲ್ ಬಾಗಿಗೆ ಬಂದದ್ದು ಹೀಗೆ.

ರಿಪೇರಿ ಬೇವಿನ ನೆರಳಿನಲ್ಲಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂದು ಅದರ ಕೆಳಗೆ ಕೈ ಹಾಕುವಂತಿಲ್ಲ. ಮರದ ದಿಮ್ಮಿ ಕೊಟ್ಟು ಹ್ಯಾರೋವನ್ನು ಅದರ ಮೇಲೆ ಕೂರಿಸಿದ ಮೇಲೆಯೇ ಸಾಲನ್ನು ಬಿಚ್ಚಿ ಉರುಳಿಸಿದ್ದು. ಉದ್ದದ ಚೌಕ ಅಕ್ಸಲ್‌ನ ತುದಿಯ ನಟ್ಟಿಗೆ ಹಿಂದಿನ ರಾತ್ರಿಯೇ ಡೀಸೆಲ್ ಕುಡಿಸಿದ್ದ. ಪಾನಾಕ್ಕೆ ಆಳುದ್ದದ ಪೈಪು ತೊಡಿಸಿ ಇಬ್ಬರು ಜೋತುಬಿದ್ದರು. ನಟ್ಟು ಒಮ್ಮೆ ಚೀರಿ ಸಡಿಲಿತು.

ತವಾ, ಎರಕದ ಸ್ಪೂಲ್, ತವಾ, ಸ್ಪೂಲ್, ಬೇರಿಂಗ್. ಬಿಚ್ಚಿದ್ದನ್ನೆಲ್ಲ ಅದೇ ಕ್ರಮದಲ್ಲಿ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟ. ಸ್ಪೂಲಿನ ಒಂದು ತುದಿ ಉಬ್ಬು, ಇನ್ನೊಂದು ತಗ್ಗು. ತವಾದ ಬಾಗಿಗೆ ಅದು ಸರಿಯಾಗಿ ಕೂರದಿದ್ದರೆ ಚೌಕ ತೂತಿನ ಮೂಲೆಯಿಂದಲೇ ಬಿರುಕು ಏಳುತ್ತದೆ. ಬೇರಿಂಗಿನ ಸೀಲಿಗೆ ಗೋಧಿ ಹುಲ್ಲು, ಚೀಲದ ದಾರ ಸುತ್ತಿಕೊಂಡು ಅದನ್ನು ಹರಿದಿದ್ದವು. ಒಳಗೆ ಹೊಕ್ಕ ಧೂಳು ಗ್ರೀಸಿನ ಜೊತೆ ಬೆರೆತು ಉಕ್ಕನ್ನು ಅರೆದುಹಾಕಿತ್ತು.

ನನಗೆ ನೋಡಲು ಸೊಗಸೆನಿಸಿದ್ದು ಹೊಸ ಬೇರಿಂಗಿಗೆ ಗ್ರೀಸು ತುಂಬುವ ಕೈಚಳಕ. ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆ. ಬಲಗೈಯಲ್ಲಿ ಹಿಡಿದ ಬೇರಿಂಗಿನ ಅಗಲದ ಅಂಚನ್ನು ಅದರ ಮೇಲೆ ಒತ್ತಿ ಒತ್ತಿ ಎಳೆಯುತ್ತಾನೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ರೋಲರುಗಳ ಸಂದಿನಿಂದ ಆಚೆ ಕಡೆಗೆ ಸಣ್ಣ ಸಣ್ಣ ಎಳೆಗಳಾಗಿ ಗ್ರೀಸು ಹೊರಬರುತ್ತದೆ. ಸ್ವಲ್ಪ ತಿರುಗಿಸಿ ಮತ್ತೆ ಒತ್ತುತ್ತಾನೆ. ಸುತ್ತ ಪೂರ್ತಿಯಾಗುವವರೆಗೆ ಯಾರು ಕರೆದರೂ ಓಗೊಡಲಿಲ್ಲ. ಬೇರಿಂಗಿನ ಹೊರಬಳೆಯಾದ ಹೊಸ ಕಪ್ಪನ್ನು ಅದರ ಗೂಡಿನೊಳಗೆ ಕೂರಿಸುವುದಕ್ಕೆ ಹಳೆಯ ಕಪ್ಪನ್ನೇ ಅದರ ಮೇಲಿಟ್ಟು ಬಡಿದ. ಸುತ್ತಿಗೆಯ ಏಟು ಹೊಸದಕ್ಕೆ ತಾಗಲಿಲ್ಲ.

ತವಾಗಳ ಸರದಿ. 22 ಇಂಚಿನವು ಸವೆದು ಮೂರು 19ರ ಕೆಳಗೆ ಇಳಿದಿದ್ದವು. ಸಾಲಿನಲ್ಲಿ ಒಂದು ಕುಳ್ಳಾದರೆ ಅದರ ಪಾಲಿನ ನೆಲ ಉಳುಮೆಯಾಗದೆ ಉಳಿಯುತ್ತದೆ, ಆದ್ದರಿಂದ ಅವನ್ನು ಬದಲಿಸಿದ. ನಾಲ್ಕನೆಯದನ್ನು ಹಿಂದೆ ಯಾರೋ ವೆಲ್ಡಿಂಗ್ ಮಾಡಿಸಿದ್ದರು, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಹದಗೊಳಿಸಿದ ಉಕ್ಕು ಆ ಕಾವನ್ನು ತಡೆಯುವುದಿಲ್ಲ, ಅದನ್ನೂ ತೆಗೆದ. ಉಳಿದವುಗಳ ಅಂಚನ್ನು ಉಬ್ಬಿದ ಬದಿಯಿಂದ ಗ್ರೈಂಡರಿನಲ್ಲಿ ಸವರಿದ, ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಿಸದೆ. ನಿಲ್ಲಿಸಿದರೆ ಅಂಚು ನೀಲಿಗಟ್ಟುತ್ತದೆ. ನೀಲಿಯಾದ ಅಂಚು ಮೆತ್ತಗಾಗಿ ಎರಡೇ ದಿನಕ್ಕೆ ಮಡಚಿಕೊಳ್ಳುತ್ತದೆ.

ಅಷ್ಟರಲ್ಲಿ ಯಜಮಾನ ಸೋತು ಬೋರಿನ ನೀರು ಕಟ್ಟಿಸಿದ್ದ. ಇಲ್ಲಿ ಇದಕ್ಕೆ ಪಲೇವಾ ಎನ್ನುತ್ತಾರೆ. ನಮ್ಮ ಗದಗಿನ ಎರೆಹೊಲದವರು ಮೊದಲ ಮಳೆ ಬಿದ್ದು ಹದ ಬರಲಿ ಎಂದು ಕಾಯುವುದನ್ನು ಇವರು ನೀರು ಕೊಟ್ಟು ತರಿಸಿಕೊಳ್ಳುತ್ತಾರೆ. ನಾಲ್ಕನೆಯ ದಿನ ಡ್ರೈವರ್ ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟ. ಉಂಡೆ ಪುಡಿಯಾಯಿತು. ಅದೇ ಟ್ರ್ಯಾಕ್ಟರು, ಅದೇ ಹ್ಯಾರೋ. ಓರೆಯನ್ನು ನಡುವಿನ ತೂತಿಗೆ ಇಳಿಸಿದ, ಚೀಲಗಳನ್ನು ಬಿಸಾಡಿದ. ತವಾಗಳು ಸಾಕಷ್ಟು ಆಳಕ್ಕೆ ಇಳಿದು, ಮಣ್ಣನ್ನು ಹೊರಳಿಸುತ್ತ, ಸದ್ದಿಲ್ಲದೆ ಸಾಗಿದವು.

ಗಟ್ಟಿ ನೆಲದ ಮೇಲೆ ಯಂತ್ರ ನುಗ್ಗಿಸುವ ಹುರುಪು ಈ ದೇಶಕ್ಕೆ ಹೊಸದಲ್ಲ. ಕಾಂಸ್ ಹುಲ್ಲು ಬೇರೂರಿ ಬೀಳುಬಿದ್ದ ನೆಲವನ್ನು ಉತ್ತು ಸಾಗುವಳಿಗೆ ತರುವ ಯಂತ್ರಗಳಿಗೆಂದು 1949ರಲ್ಲೇ ವಿಶ್ವ ಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲ ತಂದಿದ್ದರು. ಈಗ ಕೃಷಿ ವಿಜ್ಞಾನಿಗಳ ಮಾತು ತಿರುಗಿದೆ. ವರ್ಷವರ್ಷವೂ ಒಂದೇ ಆಳಕ್ಕೆ ಡಿಸ್ಕ್ ಹೊಡೆದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ, ಭತ್ತದ ಕೂಳೆಯಲ್ಲೇ ಉಳದೆ ಗೋಧಿ ಬಿತ್ತಿ ಎನ್ನುತ್ತಾರೆ. ಮಾತು ಸರಿಯೇ. ಆದರೆ ಎಕರೆ ಲೆಕ್ಕದಲ್ಲಿ ಬಾಡಿಗೆ ಪಡೆದು ಟ್ರ್ಯಾಕ್ಟರಿನ ಕಂತು ಕಟ್ಟುವವನಿಗೆ ಉಳಬೇಡ ಎನ್ನುವುದೆಂದರೆ ಉಣ್ಣಬೇಡ ಎಂದ ಹಾಗೆಯೇ.

ಒಂದು ಗಂಟೆ ಹೊಡೆದು ನಿಲ್ಲಿಸಿ ಅಕ್ಸಲ್‌ನ ನಟ್ಟನ್ನು ಮತ್ತೆ ಬಿಗಿ ಮಾಡಿದ. ಹೊಸ ತವಾ ಹಾಕಿದ ಮೇಲೆ ಸ್ಪೂಲುಗಳು ಒತ್ತಿ ಕೂರುತ್ತವೆ, ನಟ್ಟು ಸಡಿಲಾಗುತ್ತದೆ. ಸಂಜೆ ಮತ್ತೊಮ್ಮೆ ಬಿಗಿ. ಆ ಹೊತ್ತಿಗೆ ಕಬಾಡಿಯವನು ತಕ್ಕಡಿ ಹಿಡಿದು ಬಂದ. ಬಿಚ್ಚಿಟ್ಟ ನಾಲ್ಕು ತವಾಗಳಲ್ಲಿ ಬಿರುಕಿಲ್ಲದ ಒಂದನ್ನು ಡ್ರೈವರ್ ಪಕ್ಕಕ್ಕೆ ಸರಿಸಿದ, ತೂತು ಮುಚ್ಚಿಸಿದರೆ ಮನೆಯಲ್ಲಿ ಪಕೋಡ ಕರಿಯುವುದಕ್ಕಾಯಿತು ಎಂದು. ಮಿಕ್ಕ ಮೂರನ್ನು ತಕ್ಕಡಿಗೆ ಹಾಕುವ ಮುಂಚೆ ಕಬಾಡಿಯವನು ಜೇಬಿನಿಂದ ಉಳಿ ತೆಗೆದು, ತವಾಗಳ ಬಟ್ಟಲಲ್ಲಿ ಒಣಗಿ ಅಂಟಿದ್ದ ಮಣ್ಣನ್ನು ಕೆರೆಯತೊಡಗಿದ. ‘ಬಿಡು ಭಾಯಿ, ಅಷ್ಟಕ್ಕೆಲ್ಲ...’ ಎಂದ ಡ್ರೈವರ್. ಅವನು ಬಿಡಲಿಲ್ಲ, ಮೂರನ್ನೂ ಕೆರೆದು ಮುಗಿಸಿಯೇ ತೂಗಿದ.