ನಗರದ ಶಕ್ತಿಯ ಲೆಕ್ಕ

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಮೈಸೂರಿನ ಬೀದಿಗಳು ಆ ಹೊಗೆಯಿಲ್ಲದ ಬೆಳಕನ್ನು ಕಂಡುದು 1908ರಲ್ಲಿ. ನಗರ ಬೆಳೆದಂತೆ ಜಲವಿದ್ಯುತ್ತು ಸಾಲದಾಯಿತು. ಕಲ್ಲಿದ್ದಲಿನ ವಿದ್ಯುತ್ತೂ ಬಂದು ಸೇರಿತು. ಕಲ್ಲಿದ್ದಲು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡು ಭೂಮಿಯ ಶಾಖವನ್ನು ಹೊರಹೋಗಗೊಡದೆ ತಡೆಯುತ್ತದೆ.

ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ಸೌರನಗರ ಯೋಜನೆಗೆ ಆಯ್ಕೆಯಾದ ನಗರಗಳಲ್ಲಿ ಮೈಸೂರೂ ಒಂದು. ಐದು ವರ್ಷಗಳಲ್ಲಿ ಸಾಂಪ್ರದಾಯಿಕ ಶಕ್ತಿಯ ನಿರೀಕ್ಷಿತ ಬೇಡಿಕೆಯನ್ನು ಕನಿಷ್ಠ ಶೇಕಡ 10ರಷ್ಟು ತಗ್ಗಿಸುವುದು ಅದರ ಗುರಿಯಾಗಿತ್ತು. ಇಂಥ ಕಾರ್ಯ ಲೆಕ್ಕದಿಂದಲೇ ಮೊದಲಾಗಬೇಕು. ಬೀದಿದೀಪಗಳಿಗೆಷ್ಟು, ನೀರೆತ್ತುವ ಪಂಪುಗಳಿಗೆಷ್ಟು, ಮನೆಗಳಿಗೆಷ್ಟು ಎಂದು ಅರಿಯದ ನಗರವು ಉಳಿಸುವುದಾದರೂ ಏನನ್ನು? ಸ್ನಾನದ ನೀರನ್ನೇ ನೋಡಬಹುದು. ದೂರದ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿ, ಆ ಶಾಖದ ಸುಮಾರು ಮೂರನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸಿ, ನೂರಾರು ಮೈಲಿ ತಂದು, ಹಂಡೆಯಷ್ಟು ನೀರು ಕಾಯಿಸಲು ಮತ್ತೆ ಶಾಖವಾಗಿಸುವುದು ದುಂದಲ್ಲದೆ ಮತ್ತೇನು? ಮಾಳಿಗೆಯ ಮೇಲಿನ ಕಪ್ಪು ತಗಡು ಬಿಸಿಲಿನಿಂದ ನೇರವಾಗಿ ಆ ಕೆಲಸ ಮಾಡುತ್ತದೆ. ಮೋಡ ಕವಿದ ದಿನಗಳಲ್ಲಿ ಮಾತ್ರ ಅದಕ್ಕೆ ಬೇರೆ ಆಸರೆ ಬೇಕು.

ಆದರೆ ನಗರದ ಲೆಕ್ಕ ನಗರದ ಎಲ್ಲೆಗೆ ನಿಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹ್ಯಾಂಡ್‌ಪೋಸ್ಟ್ ಸುತ್ತಿನ ಸೀಮೆಯಲ್ಲಿ ತಂಬಾಕಿನ ಎಲೆಯನ್ನು ಹದಮಾಡುವ ಬ್ಯಾರನ್‌ಗಳಿವೆ. ಒಂದು ಹದಕ್ಕೆ ಐದಾರು ದಿನ ಬೆಂಕಿ ಆರುವಂತಿಲ್ಲ. ಸೌದೆಯನ್ನು ಮರಗಳೇ ಕೊಡಬೇಕು.